ಮಾರುವೇಷದ ಗಿರಾಕಿ

ಚಾಮುಂಡಿ ಬೆಟ್ಟವನ್ನು ಹತ್ತುವವರಲ್ಲಿ ಎರಡು ಬಗೆ. ದೊಡ್ಡ ದೇವರಾಜ ಒಡೆಯರ ಕಾಲದ ಸಾವಿರ ಮೆಟ್ಟಿಲುಗಳನ್ನು ಹರಕೆಯೆಂದು ಏರುವವರು ಒಂದು ಬಗೆ. ಡಾಂಬರು ರಸ್ತೆಯಲ್ಲಿ ಗಾಡಿ ಏರಿಸಿ, ತಿರುವಿನಲ್ಲಿ ನಿಂತು ಊರಿನ ದೀಪಗಳನ್ನು ನೋಡಿ ಇಳಿಯುವವರು ಇನ್ನೊಂದು ಬಗೆ. ಭಾನುವಾರದ ಸಂಜೆ ಅರಮನೆಗೆ ದೀಪ ಹತ್ತುವ ಹೊತ್ತಿಗೆ ಆ ತಿರುವಿನಲ್ಲಿ ಜನ ಸೇರುತ್ತಾರೆ. ಈ ಜಾಗವನ್ನೇ ನಮ್ಮ ಇಂದಿನ ವಿಷಯಕ್ಕೆ ರಂಗಸ್ಥಳವಾಗಿ ಇಟ್ಟುಕೊಳ್ಳೋಣ. ಮುಂದೆ ಹೇಳುವ ಪ್ರಸಂಗ ನಡೆದದ್ದಲ್ಲ. ಕಾನೂನಿನ ಮಾತನ್ನು ಬಿಡಿಸಿ ಹೇಳುವುದಕ್ಕಾಗಿ ಕಟ್ಟಿಕೊಂಡದ್ದು. ಅದರ ಸುತ್ತ ಬರುವ ಕಾಯಿದೆ, ತೀರ್ಪು, ತೂಕಗಳು ಮಾತ್ರ ನಿಜವಾದವು.

ಕತ್ತಲಾಗುತ್ತಿದೆ. ಇಪ್ಪತ್ತು ವರ್ಷದ ಹುಡುಗನೊಬ್ಬ ಬೈಕಿಗೆ ಒರಗಿ ನಿಂತಿದ್ದಾನೆ. ಅವನ ಹತ್ತಿರಕ್ಕೆ ಇನ್ನೊಬ್ಬ ಬಂದು ತಗ್ಗಿದ ದನಿಯಲ್ಲಿ, “ಅಣ್ಣ, ಸೊಪ್ಪು ಸಿಗುತ್ತಾ?” ಎನ್ನುತ್ತಾನೆ. “ಎಷ್ಟಕ್ಕೆ ಬೇಕು?” “ಐನೂರಕ್ಕೆ ಕೊಡಿ.” ನೋಟು ಕೈ ಬದಲಾಗುತ್ತದೆ, ಕಾಗದದ ಪೊಟ್ಟಣವೊಂದು ಇತ್ತ ಬರುತ್ತದೆ. ಕೊಂಡವನು ಕರವಸ್ತ್ರ ತೆಗೆದು ಮುಖ ಒರೆಸಿಕೊಳ್ಳುತ್ತಾನೆ. ಅದೇ ಸನ್ನೆ. ಚುರುಮುರಿ ಗಾಡಿಯ ಪಕ್ಕದಲ್ಲಿ ನಿಂತಿದ್ದ ನಾಲ್ವರು ಓಡಿಬಂದು ಹುಡುಗನ ಎರಡು ಕೈಗಳನ್ನೂ ಹಿಡಿಯುತ್ತಾರೆ. ಗಿರಾಕಿಯಾಗಿ ಬಂದವನು ಪೋಲೀಸರು ಕಳಿಸಿದ ಮನುಷ್ಯ.

ನ್ಯಾಯಾಲಯದಲ್ಲಿ ಪೋಲೀಸರು ಈ ಕಥೆಯನ್ನು ಹೀಗೆಯೇ ಹೇಳುತ್ತಾರೆ. ಹುಡುಗ ಬೇರೊಂದು ಕಥೆ ಹೇಳುತ್ತಾನೆ: “ಸ್ವಾಮಿ, ನಾನು ದೀಪ ನೋಡುತ್ತಾ ನಿಂತಿದ್ದೆ. ಯಾರೋ ಬಂದು ಪೊಟ್ಟಣವನ್ನು ನನ್ನ ಕೈಗೆ ತುರುಕಿದರು, ಹಿಂದೆಯೇ ಇವರು ಬಂದು ಹಿಡಿದರು.” ಎರಡರಲ್ಲಿ ಒಂದು ಸುಳ್ಳು. ನ್ಯಾಯಾಧೀಶರು ಆ ಸಂಜೆ ಬೆಟ್ಟದ ಮೇಲೆ ಇರಲಿಲ್ಲ. ಯಾವುದು ಸುಳ್ಳು ಎಂದು ಅವರು ಹೇಗೆ ಗೊತ್ತುಮಾಡಬೇಕು?

ಮಾದಕ ವಸ್ತುಗಳ ಮಾರಾಟದಲ್ಲಿ ಒಂದು ವಿಚಿತ್ರವುಂಟು. ಕಳವಾದರೆ ಕಳಕೊಂಡವನು ದೂರು ಕೊಡುತ್ತಾನೆ, ಹೊಡೆದಾಟವಾದರೆ ಪೆಟ್ಟು ತಿಂದವನು ಬರುತ್ತಾನೆ. ಇಲ್ಲಿ ಮಾರಿದವನಿಗೂ ತೃಪ್ತಿ, ಕೊಂಡವನಿಗೂ ತೃಪ್ತಿ; ಫಿರ್ಯಾದಿಯೇ ಇಲ್ಲ. ಆದ್ದರಿಂದಲೇ ಪೋಲೀಸರು ತಾವೇ ಗಿರಾಕಿಯನ್ನು ಸೃಷ್ಟಿಸಬೇಕಾಗುತ್ತದೆ. ಇದು ಹೊಸ ಉಪಾಯವೇನೂ ಅಲ್ಲ. ಲಂಚ ಹಿಡಿಯುವುದಕ್ಕೂ ಕಳ್ಳಬಟ್ಟಿ ಹಿಡಿಯುವುದಕ್ಕೂ ಇದೇ ಗಾಳವನ್ನು ಬಹುಕಾಲದಿಂದ ಬಳಸುತ್ತ ಬಂದಿದ್ದಾರೆ. ಗಾಳ ಹಾಕುವುದು ತಪ್ಪೆಂದು ನಮ್ಮ ನ್ಯಾಯಾಲಯಗಳು ಹೇಳಿಲ್ಲ. ಆದರೆ ಗಾಳ ಹಾಕಿದವನ ಮಾತನ್ನು ಎಷ್ಟರ ಮಟ್ಟಿಗೆ ನಂಬಬೇಕು, ಎರೆಗೆ ಬಾಯಿ ಹಾಕಿದ್ದು ನಿಜವಾಗಿ ಆ ಮೀನೇ ಹೌದೇ ಎಂಬ ವಿಷಯದಲ್ಲಿ ಅವು ಸಾಕಷ್ಟು ಹೇಳಿವೆ.

ಈ ಕೇಸುಗಳನ್ನು ಆಳುವ ಕಾಯಿದೆ 1985ರದು, ಎನ್.ಡಿ.ಪಿ.ಎಸ್. ಕಾಯಿದೆ ಎಂದು ಪ್ರಸಿದ್ಧವಾದದ್ದು. ಅದಕ್ಕೆ ಮುಂಚೆ 1857 ಮತ್ತು 1878ರ ಅಫೀಮು ಕಾಯಿದೆಗಳು, 1930ರ ಅಪಾಯಕಾರಿ ಔಷಧಗಳ ಕಾಯಿದೆ, ಆಯಾ ಪ್ರಾಂತದ ಅಬಕಾರಿ ನಿಯಮಗಳು ಇದ್ದವು. 1985ರ ಕಾಯಿದೆ ಅವೆಲ್ಲಕ್ಕಿಂತ ಬಹಳ ಕಠಿಣ. 2001ರ ತಿದ್ದುಪಡಿಯಿಂದ ಶಿಕ್ಷೆಯನ್ನು ತೂಕದ ಮೇಲೆ ನಿಗದಿ ಮಾಡಿದ್ದಾರೆ. ಗಾಂಜಾ ಒಂದು ಕಿಲೋಗ್ರಾಂವರೆಗೆ ‘ಅಲ್ಪ ಪ್ರಮಾಣ’. ಇಪ್ಪತ್ತು ಕಿಲೋ ಮೀರಿದರೆ ‘ವಾಣಿಜ್ಯ ಪ್ರಮಾಣ’. ಹೆರಾಯಿನ್‌ಗೆ ಈ ಎರಡು ಗಡಿಗಳು 5 ಗ್ರಾಂ ಮತ್ತು 250 ಗ್ರಾಂ, ಎಂ.ಡಿ.ಎಂ.ಎ. ಎಂಬ ಮಾತ್ರೆಯ ಮದ್ದಿಗೆ ಅರ್ಧ ಗ್ರಾಂ ಮತ್ತು 10 ಗ್ರಾಂ. ಅಲ್ಪ ಪ್ರಮಾಣಕ್ಕೆ ಹೆಚ್ಚೆಂದರೆ ಒಂದು ವರ್ಷದ ಸಜೆ, ಹತ್ತು ಸಾವಿರ ರೂಪಾಯಿ ದಂಡ. ವಾಣಿಜ್ಯ ಪ್ರಮಾಣಕ್ಕೆ ಕಡಮೆಯೆಂದರೆ ಹತ್ತು ವರ್ಷ, ಇಪ್ಪತ್ತರವರೆಗೂ ಹೋಗಬಹುದು. ದಂಡ ಒಂದು ಲಕ್ಷಕ್ಕೆ ಕಡಮೆಯಿಲ್ಲ, ಜಾಮೀನು ಸಿಗುವುದೂ ದುರ್ಲಭ. ಪುಡಿಯಲ್ಲಿ ಬೆರಕೆ ಇದ್ದರೆ ಬೆರಕೆಯನ್ನೂ ಸೇರಿಸಿಯೇ ತೂಗಬೇಕೆಂದು ಸುಪ್ರೀಂ ಕೋರ್ಟು 2020ರಲ್ಲಿ ಹೇಳಿದೆ. ತಕ್ಕಡಿಯ ಮುಳ್ಳು ಸ್ವಲ್ಪ ಅತ್ತಿತ್ತ ಆದರೆ ಒಬ್ಬನ ಯೌವನವೇ ಹೋಗಿಬಿಡಬಹುದು.

ಇಷ್ಟೇ ಅಲ್ಲ. ಸಾಮಾನ್ಯವಾಗಿ ನಮ್ಮ ಕ್ರಿಮಿನಲ್ ಕಾನೂನಿನಲ್ಲಿ ಅಪರಾಧದ ಎಲ್ಲ ಅಂಶಗಳನ್ನೂ ಸರ್ಕಾರವೇ ರುಜುವಾತು ಮಾಡಬೇಕು. ಆಪಾದಿತ ಬಾಯಿ ಮುಚ್ಚಿ ಕುಳಿತಿರಬಹುದು. ಈ ಕಾಯಿದೆಯ 35 ಮತ್ತು 54ನೆಯ ಪ್ರಕರಣಗಳು ಹೊರೆಯನ್ನು ಆಚೆಯ ಹೆಗಲಿಗೆ ಹೊರಿಸುತ್ತವೆ. ವಸ್ತು ನಿನ್ನ ಸ್ವಾಧೀನದಲ್ಲಿ ಇತ್ತೆಂದಾದರೆ ಅದು ಏನೆಂದು ನಿನಗೆ ತಿಳಿದಿತ್ತು ಎಂದೇ ನ್ಯಾಯಾಲಯ ಭಾವಿಸುತ್ತದೆ. ತಿಳಿದಿರಲಿಲ್ಲವೆಂದು ನೀನೇ ಸಂಶಯಕ್ಕೆ ಎಡೆಯಿಲ್ಲದಂತೆ ತೋರಿಸಬೇಕು. ಇದು ಸಂವಿಧಾನಕ್ಕೆ ಸಮ್ಮತವೇ ಎಂಬ ಪ್ರಶ್ನೆ 2008ರಲ್ಲಿ ಅಮೃತಸರದ ವಿಮಾನ ನಿಲ್ದಾಣದ ಒಂದು ಹೆರಾಯಿನ್ ಮೊಕದ್ದಮೆಯಲ್ಲಿ ಎದ್ದಿತು. ಸಮ್ಮತವೇ ಎಂದು ಸುಪ್ರೀಂ ಕೋರ್ಟು ಒಪ್ಪಿತು. ಆದರೆ ಜೊತೆಗೇ ಒಂದು ಮುಖ್ಯವಾದ ಮಾತನ್ನು ಸೇರಿಸಿತು: ಅಡಿಪಾಯದ ಸಂಗತಿಗಳನ್ನು ಮೊದಲು ಸರ್ಕಾರವೇ ಸ್ಥಾಪಿಸಬೇಕು, ಆ ಮೇಲೆ ಮಾತ್ರ ಹೊರೆ ಆಪಾದಿತನ ಮೇಲೆ ಹೋಗುತ್ತದೆ, ಶಿಕ್ಷೆ ಎಷ್ಟು ಕಠಿಣವೋ ರುಜುವಾತೂ ಅಷ್ಟು ಬಿಗಿಯಾಗಿರಬೇಕು. ಆ ಮೊಕದ್ದಮೆಯಲ್ಲಿ ಹಿಡಿದ ಮಾಲನ್ನೇ ನ್ಯಾಯಾಲಯದ ಮುಂದೆ ಸರಿಯಾಗಿ ತೋರಿಸಲಾಗದಿದ್ದುದು ಆಪಾದಿತನ ಬಿಡುಗಡೆಗೆ ಒಂದು ಕಾರಣವಾಯಿತು.

ನಮ್ಮ ಬೆಟ್ಟದ ಹುಡುಗನ ಕೇಸಿನಲ್ಲಿ ಆ ಅಡಿಪಾಯ ಯಾವುದು? ಪೊಟ್ಟಣ ಅವನಿಂದಲೇ ಬಂತು. ಅದರಲ್ಲಿ ಇದ್ದದ್ದು ಕಾಯಿದೆ ಹೇಳುವ ಗಾಂಜಾವೇ. ಪ್ರಯೋಗಾಲಯಕ್ಕೆ ಹೋದದ್ದೂ ಕೋರ್ಟಿಗೆ ಬಂದದ್ದೂ ಅದೇ ಪೊಟ್ಟಣ. ಕೇಳುವುದಕ್ಕೆ ಸುಲಭ. ಆದರೆ ಮಾದಕ ದ್ರವ್ಯದ ಕೇಸುಗಳು ಉರುಳಿಬೀಳುವುದು ಬಹುಮಟ್ಟಿಗೆ ಈ ಮೂರರಲ್ಲಿಯೇ.

ಗಿರಾಕಿಯಿಂದಲೇ ಪ್ರಾರಂಭಿಸೋಣ. ಅವನು ಯಾರು? ಕೆಲವು ಸಲ ಸಾದಾ ಉಡುಪಿನ ಪೋಲೀಸಿನವನು. ಕೆಲವು ಸಲ ತಾನೇ ಸೇದುವ ಚಟವಿದ್ದು, ಯಾವುದೋ ಕೇಸಿನಲ್ಲಿ ಸಿಕ್ಕಿಕೊಂಡು, ‘ಸಹಾಯ ಮಾಡಿದರೆ ನಿನ್ನನ್ನು ನೋಡಿಕೊಳ್ಳುತ್ತೇವೆ’ ಎಂಬ ಮಾತಿಗೆ ಒಪ್ಪಿ ಬಂದವನು. ಎರಡನೆಯವನ ಸ್ಥಿತಿಯನ್ನು ಯೋಚಿಸಿ. ಅವನಿಗೆ ಯಾರನ್ನಾದರೂ ಹಿಡಿದುಕೊಡಲೇಬೇಕಾದ ಅವಸರವಿದೆ. ಪೋಲೀಸರಿಗೆ ಸುದ್ದಿ ಕೊಟ್ಟವನ ಹೆಸರನ್ನು ಹೊರಗೆಡಹಬೇಕೆಂದು ಅವರನ್ನು ಕೋರ್ಟು ಬಲವಂತ ಮಾಡುವಂತಿಲ್ಲ. ಕಾಯಿದೆಯ 68ನೆಯ ಪ್ರಕರಣ ಆ ರಕ್ಷಣೆ ಕೊಡುತ್ತದೆ. ಆದರೆ ಸುದ್ದಿ ಕೊಟ್ಟವನು ಬೇರೆ, ಸರಕನ್ನು ಕೈಯಾರೆ ಕೊಂಡವನು ಬೇರೆ. ಮಾರಾಟವಾಯಿತೆಂದು ಆಪಾದನೆ ಹೊರಿಸಿದ ಮೇಲೆ, ಕೊಂಡವನನ್ನು ತೆರೆಯ ಹಿಂದೆ ಇಟ್ಟು, ದೂರದಲ್ಲಿ ನಿಂತಿದ್ದವರ ಬಾಯಿಂದ ಮಾತ್ರ ಕಥೆ ಹೇಳಿಸಿದರೆ ರುಜುವಾತು ಕುಂಟುತ್ತದೆ. ಇಪ್ಪತ್ತು ಗಜ ದೂರದಿಂದ, ಮಬ್ಬುಗತ್ತಲೆಯಲ್ಲಿ, ಇಬ್ಬರ ಕೈಗಳ ನಡುವೆ ಪೊಟ್ಟಣ ಯಾವ ಕಡೆಯಿಂದ ಯಾವ ಕಡೆಗೆ ಹೋಯಿತೆಂದು ಹೇಳುವ ಸಾಕ್ಷ್ಯ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ.

ಗಿರಾಕಿ ಕಟಕಟೆಗೆ ಬಂದನೆಂದೇ ಇಟ್ಟುಕೊಳ್ಳಿ. ಅವನನ್ನು ಅಪರಾಧದ ಪಾಲುದಾರನೆಂದು ಎಣಿಸಬೇಕೆ? ಈ ಪ್ರಶ್ನೆ ಲಂಚದ ಮೊಕದ್ದಮೆಗಳಲ್ಲಿ ಬಹಳ ಹಿಂದೆಯೇ ಇತ್ಯರ್ಥವಾಗಿದೆ. 1954ರಲ್ಲಿ ಸುಪ್ರೀಂ ಕೋರ್ಟು, ವಿಂಧ್ಯ ಪ್ರದೇಶದ ಮಂತ್ರಿಯೊಬ್ಬರ ಮೊಕದ್ದಮೆಯಲ್ಲಿ, ಲಂಚದ ಹಣವನ್ನು ಪೋಲೀಸರೇ ಒದಗಿಸಿದ್ದನ್ನೂ ಮ್ಯಾಜಿಸ್ಟ್ರೇಟರನ್ನು ದಾಳಿಯ ಸಾಕ್ಷಿಯಾಗಿ ಕರೆದೊಯ್ದದ್ದನ್ನೂ ಕಟುವಾಗಿ ಆಕ್ಷೇಪಿಸಿತು. 1958ರಲ್ಲಿ, ಬಿಹಾರದಿಂದ ಬಂದ ಇನ್ನೊಂದು ಮೊಕದ್ದಮೆಯಲ್ಲಿ, ಐವರು ನ್ಯಾಯಮೂರ್ತಿಗಳ ಪೀಠ ವಿಷಯವನ್ನು ತಿಳಿಯಾಗಿಸಿತು. ಬಲೆ ಬೀಸಲು ಹೋದ ಸಾಕ್ಷಿಗಳು ಅಪರಾಧದ ಪಾಲುದಾರರಲ್ಲ. ಆದರೆ ಬಲೆ ಫಲಿಸಲಿ ಎಂಬ ಆಸಕ್ತಿ ಉಳ್ಳವರು. ಆಸಕ್ತರ ಮಾತನ್ನು ಹೇಗೆ ಒರೆಗೆ ಹಚ್ಚುತ್ತೇವೆಯೋ ಹಾಗೆಯೇ ಇವರ ಮಾತನ್ನೂ ಹಚ್ಚಬೇಕು. ತಕ್ಕ ಸಂದರ್ಭದಲ್ಲಿ ಹೊರಗಿನ ಬೆಂಬಲ ಹುಡುಕಬೇಕು. ಆರು ದಶಕಗಳಾದರೂ ಈ ಮಾತು ಹಳೆಯದಾಗಿಲ್ಲ.

ಹೊರಗಿನ ಬೆಂಬಲ ಎಂದರೇನು? ಗಿರಾಕಿಯನ್ನು ಬೆಟ್ಟಕ್ಕೆ ಕಳಿಸುವುದಕ್ಕೆ ಮುಂಚೆಯೇ ಅದು ಶುರುವಾಗಬೇಕು. ಅವನ ಜೇಬುಗಳನ್ನು ಪಂಚರ ಎದುರಿಗೆ ಬರಿದು ಮಾಡಿ, ಅವನ ಹತ್ತಿರ ಯಾವ ಪೊಟ್ಟಣವೂ ಇರಲಿಲ್ಲವೆಂದು ಮಹಜರಿನಲ್ಲಿ ಬರೆಯಬೇಕು. ಕೊಟ್ಟ ನೋಟುಗಳ ನಂಬರುಗಳನ್ನು ಗುರುತು ಹಾಕಿಕೊಳ್ಳಬೇಕು. ‘ಪೊಟ್ಟಣವನ್ನು ಅವನೇ ತಂದು ನನ್ನ ಕೈಗೆ ತುರುಕಿದ’ ಎಂಬ ಹುಡುಗನ ಮಾತಿಗೆ ಉತ್ತರ ಸಿಗುವುದು ದಾಳಿಯಾದ ಮೇಲಿನ ಗದ್ದಲದಲ್ಲಲ್ಲ, ದಾಳಿಗೆ ಮುಂಚಿನ ಈ ನಾಲ್ಕು ಸಾಲುಗಳಲ್ಲಿ. ಲಂಚದ ಬೇಟೆಯಲ್ಲಿ ನೋಟಿಗೆ ಫಿನಾಫ್ತಲಿನ್ ಪುಡಿ ಹಚ್ಚಿರುತ್ತಾರೆ. ಮುಟ್ಟಿದವನ ಬೆರಳನ್ನು ಸೋಡಿಯಂ ಕಾರ್ಬೊನೇಟಿನ ನೀರಿನಲ್ಲಿ ಅದ್ದಿದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಮಾದಕದ ಮಾರಾಟಕ್ಕೆ ಈ ಉಪಾಯವನ್ನು ಬಳಸಬಾರದೆಂದು ಯಾರೂ ಹೇಳಿಲ್ಲ. ಇತ್ತೀಚೆಗೆ ನೋಟಿನ ಬದಲು ಮೊಬೈಲಿನಲ್ಲೇ ಹಣ ಹೋಗುವುದುಂಟು. ಆಗ ಬ್ಯಾಂಕಿನ ದಾಖಲೆಯೇ ಸಾಕ್ಷಿಯಾಗಿ ನಿಲ್ಲುತ್ತದೆ. ವಾಟ್ಸಪ್ಪಿನಲ್ಲಿ ವ್ಯಾಪಾರ ಕುದುರಿಸಿದ್ದರೆ ಆ ಸಂದೇಶಗಳೂ ಸಾಕ್ಷ್ಯವೇ. ಆದರೆ ಮೂಲ ಯಂತ್ರವನ್ನೇ ತೋರಿಸದೆ ನಕಲು ಮಾತ್ರ ಹಾಜರುಪಡಿಸುವುದಾದರೆ ಕಾನೂನು ಹೇಳಿದ ಪ್ರಮಾಣಪತ್ರ ಜೊತೆಗಿರಲೇಬೇಕೆಂದು 2020ರಲ್ಲಿ ಸುಪ್ರೀಂ ಕೋರ್ಟು ಮತ್ತೆ ಒತ್ತಿಹೇಳಿದೆ.

ಇಲ್ಲಿ ಒಂದು ಸೂಕ್ಷ್ಮವಾದ ಪ್ರಶ್ನೆ ಬರುತ್ತದೆ. ಹುಡುಗ ಮಾರಿದ್ದು ನಿಜವೆಂದೇ ಇಟ್ಟುಕೊಂಡರೂ, ಕೇಳದಿದ್ದರೆ ಅವನು ಮಾರುತ್ತಿದ್ದನೇ? ಅಮೆರಿಕದಲ್ಲಿ ಪಾನನಿರೋಧದ ಕಾಲದಲ್ಲಿ ಇಂಥದೊಂದು ಮೊಕದ್ದಮೆ ನಡೆಯಿತು. ಒಬ್ಬ ಸರ್ಕಾರಿ ಏಜೆಂಟ್ ಪ್ರವಾಸಿಯ ವೇಷದಲ್ಲಿ ಒಬ್ಬನ ಮನೆಗೆ ಹೋದ. ಇಬ್ಬರೂ ಮೊದಲನೆಯ ಮಹಾಯುದ್ಧದಲ್ಲಿ ಒಂದೇ ಪಡೆಯಲ್ಲಿ ಇದ್ದವರು. ಯುದ್ಧದ ಮಾತು ಬಂತು. ಮಾತಿನ ನಡುವೆ ಏಜೆಂಟ್ ಮತ್ತೆ ಮತ್ತೆ ವಿಸ್ಕಿ ಕೇಳಿದ. ಮನೆಯಾತ ಮೊದಮೊದಲು ಇಲ್ಲವೆಂದ. ಕೊನೆಗೆ ಹಳೆಯ ಒಡನಾಡಿಯ ದಾಕ್ಷಿಣ್ಯಕ್ಕೆ ಕಟ್ಟುಬಿದ್ದು ಎಲ್ಲಿಂದಲೋ ಅರ್ಧ ಗ್ಯಾಲನ್ ತಂದುಕೊಟ್ಟು ಐದು ಡಾಲರ್ ತೆಗೆದುಕೊಂಡ. 1932ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಶಿಕ್ಷೆಯನ್ನು ತಳ್ಳಿಹಾಕಿತು. 1958ರದು ಇನ್ನೂ ಮನ ಕಲಕುವಂಥದು. ಚಟ ಬಿಡಿಸಿಕೊಳ್ಳಲು ವೈದ್ಯರ ಬಳಿಗೆ ಬರುತ್ತಿದ್ದ ಒಬ್ಬನಿಗೆ ಅಲ್ಲಿಯೇ ಇನ್ನೊಬ್ಬ ರೋಗಿಯ ಪರಿಚಯವಾಯಿತು. ಆ ಇನ್ನೊಬ್ಬ, ಚಿಕಿತ್ಸೆ ಹತ್ತುತ್ತಿಲ್ಲ, ಸಂಕಟ ತಾಳಲಾರೆ, ಎಲ್ಲಿಂದಾದರೂ ಸ್ವಲ್ಪ ತರಿಸಿಕೊಡು ಎಂದು ಅಂಗಲಾಚಿದ. ಹಲವು ಸಲ ನಿರಾಕರಿಸಿ ಕೊನೆಗೆ ಮನಸ್ಸು ಕರಗಿ ತರಿಸಿಕೊಟ್ಟ. ಅಂಗಲಾಚಿದವನು ಸರ್ಕಾರದ ಗುಪ್ತಚರ. ಈ ಶಿಕ್ಷೆಯನ್ನೂ ನ್ಯಾಯಾಲಯ ರದ್ದುಮಾಡಿತು.

ಇಂಗ್ಲೆಂಡಿನಲ್ಲಿ 2001ರ ತೀರ್ಪಿನ ಪ್ರಕಾರ, ವೇಷ ಹಾಕಿದ ಪೋಲೀಸಿನವನು ಸಾಮಾನ್ಯ ಗಿರಾಕಿ ವರ್ತಿಸುವಂತೆ ವರ್ತಿಸಿದರೆ ಆಕ್ಷೇಪವಿಲ್ಲ. ಆಮಿಷ ಒಡ್ಡಿ, ಬೆನ್ನುಹತ್ತಿ, ಅಪರಾಧವನ್ನು ತಾನೇ ಹುಟ್ಟಿಸಿದರೆ ಮೊಕದ್ದಮೆಯನ್ನೇ ನಿಲ್ಲಿಸಿಬಿಡಬಹುದು. ನಮ್ಮ ದೇಶದ ಶಾಸನದಲ್ಲಿ ಇಂಥ ರಕ್ಷಣೆಯೆಂದು ಹೇಳುವ ಪ್ರಕರಣವೇನೂ ಇಲ್ಲ. ಹಾಗೆಂದು ಬಲೆ ಬೀಸುವವರಿಗೆ ಪೂರ್ತಿ ಮಾಫಿಯೂ ಇಲ್ಲ. ಗುಪ್ತ ಕ್ಯಾಮರಾ ಹಿಡಿದು ಲಂಚ ಕೊಟ್ಟವರ ವಿಷಯದಲ್ಲಿ 2014ರಲ್ಲಿ ನಮ್ಮ ಸುಪ್ರೀಂ ಕೋರ್ಟು, ಇಂಥ ಕಾರ್ಯಾಚರಣೆ ತಾನಾಗಿಯೇ ಕಾನೂನುಬದ್ಧವಾಗುವುದಿಲ್ಲವೆಂದು ಹೇಳಿತು. ನನಗೆ ತೋರುವ ಮಟ್ಟಿಗೆ, ಬೆಟ್ಟದ ತಿರುವಿನಲ್ಲಿ ‘ಸಿಗುತ್ತಾ’ ಎಂದು ಒಮ್ಮೆ ಕೇಳಿದ್ದು ಬಲೆಯೇ ಹೊರತು ಮೋಸವಲ್ಲ. ಕಾಲೇಜಿನಲ್ಲಿ ಜೊತೆಗೆ ಓದುವವನನ್ನು ಗೆಳೆತನದ ನೆಪದಲ್ಲಿ ವಾರಗಟ್ಟಲೆ ಪೀಡಿಸಿ, ಇಲ್ಲದ್ದನ್ನು ತರಿಸಿ ಹಿಡಿಸಿದರೆ ಅದು ಬೇರೆ. ನಮ್ಮಲ್ಲಿ ಇದನ್ನು ವಾದಿಸಲು ಪ್ರತ್ಯೇಕ ಬಾಗಿಲಿಲ್ಲವಾದ್ದರಿಂದ, ವಕೀಲರು ಗಿರಾಕಿಯ ಮಾತು ನಂಬಲರ್ಹವಲ್ಲವೆಂಬ ಕಿಟಕಿಯಿಂದಲೇ ಒಳಗೆ ಬರಬೇಕಾಗಿದೆ. ಇದೊಂದು ಕೊರತೆಯೇ ಸರಿ.

ಇನ್ನು ಹಿಡಿದ ಗಳಿಗೆಗೆ ಬರೋಣ. ಹುಡುಗ ತಾನಾಗಿ ಕೈಯೆತ್ತಿ ಕೊಟ್ಟ ಪೊಟ್ಟಣ ಶೋಧನೆಯಿಂದ ಸಿಕ್ಕಿದ್ದಲ್ಲ. ಆದರೆ ಹಿಡಿದ ಮೇಲೆ ಅವನ ಜೇಬಿನಲ್ಲಿ ಇನ್ನೇನಿದೆಯೋ ನೋಡಬೇಕೆನ್ನಿಸಿದರೆ 50ನೆಯ ಪ್ರಕರಣ ಅಡ್ಡ ಬರುತ್ತದೆ. ‘ನಿನ್ನ ಮೈಶೋಧನೆಯನ್ನು ಗೆಜೆಟೆಡ್ ಅಧಿಕಾರಿಯ ಅಥವಾ ಮ್ಯಾಜಿಸ್ಟ್ರೇಟರ ಎದುರಿಗೆ ಮಾಡಿಸಿಕೊಳ್ಳುವ ಹಕ್ಕು ನಿನಗಿದೆ’ ಎಂದು ಮೊದಲು ತಿಳಿಸಬೇಕು. 1999ರಲ್ಲಿ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಇದನ್ನು ಹೇಳಿತು; 2010ರಲ್ಲಿ ಇನ್ನೊಂದು ಸಂವಿಧಾನ ಪೀಠ, ಸುಮ್ಮನೆ ಹೆಚ್ಚುಕಡಮೆ ಪಾಲಿಸಿದರೆ ಸಾಲದು, ಕಟ್ಟುನಿಟ್ಟಾಗಿ ಪಾಲಿಸಬೇಕು ಎಂದಿತು. ಇಬ್ಬರನ್ನು ಹಿಡಿದಿದ್ದರೆ ಇಬ್ಬರಿಗೂ ಸೇರಿಸಿ ಒಂದೇ ಸಲ ಹೇಳಿದರೂ ಆಗದೆಂಬುದು 2014ರ ತೀರ್ಪು. ಹೆಂಗಸನ್ನು ಹೆಂಗಸೇ ಶೋಧಿಸಬೇಕು. ಕೈಯಲ್ಲಿ ಹಿಡಿದ ಚೀಲಕ್ಕೆ ಈ ನಿಯಮ ಅನ್ವಯಿಸುವುದಿಲ್ಲ. ಚೀಲ ಮೈಯ ಭಾಗವಲ್ಲ. ಅದೇ ಪುಡಿ ಅಂಗಿಯ ಜೇಬಿನಲ್ಲಿದ್ದರೆ ಒಂದು ನ್ಯಾಯ, ಹೆಗಲ ಚೀಲದಲ್ಲಿದ್ದರೆ ಇನ್ನೊಂದು ನ್ಯಾಯ! ಓದುಗರಿಗೆ ನಗು ಬಂದರೆ ಆಶ್ಚರ್ಯವಿಲ್ಲ. ಆದರೆ ಮನುಷ್ಯನ ಮೈಯನ್ನು ಮುಟ್ಟುವುದಕ್ಕೂ ಅವನ ಗಂಟನ್ನು ಬಿಚ್ಚುವುದಕ್ಕೂ ಕಾನೂನು ಭೇದ ಮಾಡುವುದರಲ್ಲಿ ಅರ್ಥವಿಲ್ಲದೆ ಇಲ್ಲ.

ಜಾಗದ ಭೇದವೂ ಉಂಟು. ಬೆಟ್ಟದ ರಸ್ತೆ ಸಾರ್ವಜನಿಕ ಸ್ಥಳ. ಅಲ್ಲಿ ಹಗಲು ರಾತ್ರಿಯ ನಿರ್ಬಂಧವಿಲ್ಲದೆ ಹಿಡಿಯಬಹುದು. ವ್ಯಾಪಾರ ತಪ್ಪಲಿನ ಮನೆಯೊಂದರ ಕೋಣೆಯಲ್ಲಿ ನಡೆದಿದ್ದರೆ 42ನೆಯ ಪ್ರಕರಣ ಬರುತ್ತದೆ: ಬಂದ ಸುದ್ದಿಯನ್ನು ಬರೆದಿಡಬೇಕು, 72 ಗಂಟೆಯೊಳಗೆ ಮೇಲಧಿಕಾರಿಗೆ ಪ್ರತಿ ಕಳಿಸಬೇಕು, ಸೂರ್ಯ ಮುಳುಗಿದ ಮೇಲೆ ವಾರಂಟಿಲ್ಲದೆ ಹೊಗುವುದಾದರೆ ಏಕೆಂಬುದನ್ನು ಬರೆಯಬೇಕು. ರಸ್ತೆಯ ಮೇಲೆ ನಿಂತ ಖಾಸಗಿ ಜೀಪು ಸಾರ್ವಜನಿಕ ಸ್ಥಳವಲ್ಲವೆಂದು 2021ರಲ್ಲಿ ತೀರ್ಪಾಗಿದೆ. ಹೀಗೆ, ಬೈಕಿಗೆ ಒರಗಿದವನೂ ಕಾರಿನೊಳಗೆ ಕುಳಿತವನೂ ಮೂರಡಿ ಅಂತರದಲ್ಲಿ ಬೇರೆ ಬೇರೆ ಪ್ರಕರಣಗಳ ಕೆಳಗೆ ಬರುತ್ತಾರೆ. ಹುಡುಗನ ಬೈಕಿನ ಹಿಂದೆ ಅವನ ಗೆಳೆಯ ಕುಳಿತಿದ್ದರೆ? ಅವನಿಗೆ ಜೇಬಿನಲ್ಲಿದ್ದುದರ ಅರಿವೂ ಅದರ ಮೇಲೆ ಹತೋಟಿಯೂ ಇತ್ತೆಂದು ತೋರಿಸದೆ, ಪಕ್ಕದಲ್ಲಿದ್ದನೆಂಬ ಒಂದೇ ಕಾರಣಕ್ಕೆ ಶಿಕ್ಷಿಸಲಾಗದು. ತಿಳಿದೂ ಇಟ್ಟುಕೊಂಡಿರುವುದಕ್ಕೆ ಮಾತ್ರ ಸ್ವಾಧೀನವೆಂದು ಹೆಸರು.

ಪೋಲೀಸರ ಮುಂದೆ ಹುಡುಗ ‘ಹೌದು, ಮಾರಿದೆ’ ಎಂದು ಒಪ್ಪಿಕೊಂಡರೆ? ಅದು ಸಾಕ್ಷ್ಯವಲ್ಲ. ಪೋಲೀಸರಲ್ಲದ ಇತರ ಇಲಾಖೆಗಳ ಅಧಿಕಾರಿಗಳು 67ನೆಯ ಪ್ರಕರಣದ ಪ್ರಕಾರ ಬರೆಸಿಕೊಂಡ ಹೇಳಿಕೆಗಳಿಗೆ ಮುಂಚೆ ಬೆಲೆ ಇತ್ತು. 2020ರ ಅಕ್ಟೋಬರ್ ತಿಂಗಳಲ್ಲಿ ಸುಪ್ರೀಂ ಕೋರ್ಟು ಬಹುಮತದಿಂದ ಅದನ್ನೂ ತೆಗೆದುಹಾಕಿತು. ಆದ್ದರಿಂದ ರುಜುವಾತು ಬಾಯಿಮಾತಿನಿಂದ ಬರುವಂತಿಲ್ಲ, ಮಾಲಿನಿಂದಲೇ ಬರಬೇಕು.

ಮಾಲಿನ ಪ್ರಯಾಣವೇ ಇಡೀ ಮೊಕದ್ದಮೆಯ ಜೀವಾಳವೆಂದರೆ ತಪ್ಪಾಗದು. ಬೆಟ್ಟದ ಮೇಲೆ ಪೊಟ್ಟಣವನ್ನು ತೂಗಿ, ಕಟ್ಟಿ, ಅರಗಿನ ಮೊಹರು ಹಾಕಿ, ಮೊಹರಿನ ಮಾದರಿಯನ್ನು ಕಾಗದದ ಮೇಲೆ ಒತ್ತಿ, ಪಂಚರ ರುಜು ಹಾಕಿಸುತ್ತಾರೆ. ಅಲ್ಲಿಂದ ಠಾಣೆಯ ಮಾಲುಖಾನೆಗೆ. 48 ಗಂಟೆಯೊಳಗೆ ಮೇಲಧಿಕಾರಿಗೆ ವರದಿ. ಹಿಂದೆ ದಾಳಿಯ ಸ್ಥಳದಲ್ಲಿಯೇ ಮಾದರಿಗಳನ್ನು ತೆಗೆಯುವ ವಾಡಿಕೆಯಿತ್ತು. 2016ರಲ್ಲಿ ಸುಪ್ರೀಂ ಕೋರ್ಟು, ಕಾಯಿದೆಯ 52ಎ ಪ್ರಕರಣದ ಪ್ರಕಾರ ಮಾದರಿ ತೆಗೆಯಬೇಕಾದ್ದು ಮ್ಯಾಜಿಸ್ಟ್ರೇಟರ ಸಮ್ಮುಖದಲ್ಲಿ ಎಂದು ಸ್ಪಷ್ಟಪಡಿಸಿತು. 2022ರ ಕೊನೆಯಲ್ಲಿ ಕೇಂದ್ರ ಸರ್ಕಾರ ಇದಕ್ಕೆಂದೇ ಹೊಸ ನಿಯಮಗಳನ್ನು ಹೊರಡಿಸಿತು. ಹಾಗೆ ತೆಗೆದ ಮಾದರಿ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋಗುತ್ತದೆ. ಮೈಸೂರಿನಲ್ಲಿಯೇ ಪ್ರಾದೇಶಿಕ ಪ್ರಯೋಗಾಲಯವುಂಟು. ಅಲ್ಲಿ ಮೊದಲು ನೋಡುವುದು ಪುಡಿಯನ್ನಲ್ಲ, ಮೊಹರನ್ನು: ಅದು ಒಡೆಯದೆ ಇದೆಯೇ, ಕಳಿಸಿದ ಮಾದರಿಗೆ ಹೊಂದುತ್ತದೆಯೇ? ಠಾಣೆಯ ಪುಸ್ತಕದಲ್ಲಿ ಪೊಟ್ಟಣ ಹೊರಟ ತಾರೀಖಿಗೂ ಪ್ರಯೋಗಾಲಯಕ್ಕೆ ಸೇರಿದ ತಾರೀಖಿಗೂ ನಡುವೆ ಮೂರು ದಿನ ಬಿದ್ದರೆ, ಆ ಮೂರು ದಿನ ಅದು ಯಾರ ಹತ್ತಿರ ಇತ್ತೆಂದು ಹೇಳಲು ಒಬ್ಬ ಮನುಷ್ಯ ಬೇಕು. ಮಹಜರಿನಲ್ಲಿ 18 ಗ್ರಾಂ, ಪ್ರಯೋಗಾಲಯದಲ್ಲಿ 25 ಗ್ರಾಂ ಎಂದಾದರೆ ವಿವರಣೆ ಬೇಕು. ಹಸಿ ಗಾಂಜಾ ಒಣಗಿ ತೂಕ ಇಳಿಯುವುದು ಸಹಜ. ಇಟ್ಟಲ್ಲೇ ಏರುವುದು ಸಹಜವಲ್ಲ.

ಪ್ರಯೋಗಾಲಯದ ವರದಿ ಏನು ಹೇಳಬೇಕೆಂಬುದೂ ಮುಖ್ಯ. ಜನರ ಬಾಯಲ್ಲಿ ಎಲ್ಲವೂ ಸೊಪ್ಪೇ. ಕಾಯಿದೆಯ ಬಾಯಲ್ಲಿ ಹಾಗಲ್ಲ. ಗಿಡದ ಹೂವಿನ ಅಥವಾ ಕಾಯಿಯ ತುದಿಗಳು ಗಾಂಜಾ. ತುದಿಯ ಜೊತೆಗಿರದ ಬರಿಯ ಎಲೆ ಮತ್ತು ಬೀಜ ಗಾಂಜಾ ಅಲ್ಲ. ಗಿಡದ ರಾಳ ಚರಸ್. ಎಲೆಯಿಂದ ಮಾಡುವ ಭಂಗಿ ಈ ಕಾಯಿದೆಯ ವ್ಯಾಖ್ಯೆಯೊಳಗೆ ಬರುವುದಿಲ್ಲವೆಂದು ನಮ್ಮ ಕರ್ನಾಟಕ ಹೈಕೋರ್ಟು 2022ರಲ್ಲಿ ಜಾಮೀನಿನ ಅರ್ಜಿಯೊಂದರಲ್ಲಿ ಹೇಳಿತು. ಆದ್ದರಿಂದ ಪೊಟ್ಟಣದಲ್ಲಿ ತುದಿಗಳಿದ್ದವೇ, ಬರಿಯ ಎಲೆಯೇ ಎಂಬುದನ್ನು ವರದಿ ಬಿಡಿಸಿ ಹೇಳದಿದ್ದರೆ, ಬೆಟ್ಟದ ಮೇಲೆ ಕೈಬದಲಾದದ್ದು ಅಪರಾಧದ ವಸ್ತುವೇ ಹೌದೋ ಅಲ್ಲವೋ ಎಂಬ ಬುಡದ ಪ್ರಶ್ನೆಯೇ ಉಳಿಯುತ್ತದೆ.

‘ಇಷ್ಟೆಲ್ಲ ಕಟ್ಟಳೆಗಳಿಂದ ಕಳ್ಳರು ತಪ್ಪಿಸಿಕೊಳ್ಳುವುದಿಲ್ಲವೆ?’ ಎಂದು ಕೇಳುವವರುಂಟು. ಅವರ ಸಿಟ್ಟಿಗೆ ಕಾರಣವಿಲ್ಲದೆ ಇಲ್ಲ. 2025ರ ಜುಲೈಯಲ್ಲಿ ಮುಂಬಯಿಯ ಪೋಲೀಸರು ಅಲ್ಲಿನ ಚಿಲ್ಲರೆ ಮಾರಾಟದ ಎಳೆಯನ್ನು ಹಿಡಿದುಕೊಂಡು ಮೈಸೂರಿನವರೆಗೆ ಬಂದು, ಮೆಫೆಡ್ರೋನ್ ತಯಾರಿಸುತ್ತಿದ್ದರೆಂಬ ಒಂದು ಕಟ್ಟಡದ ಮೇಲೆ ದಾಳಿ ಮಾಡಿ, ನೂರಾರು ಕೋಟಿ ರೂಪಾಯಿ ಬೆಲೆ ಕಟ್ಟಿದ ಮಾಲನ್ನು ಹಿಡಿದರು. ಅದರ ಸತ್ಯಾಸತ್ಯ ತೀರ್ಮಾನ ನ್ಯಾಯಾಲಯದ್ದು. ಆದರೆ ಚಿಲ್ಲರೆ ಪೊಟ್ಟಣವೊಂದರ ಹಿಂದೆ ಎಂಥ ದೊಡ್ಡ ಅಂಗಡಿ ಇರಬಹುದೆಂಬುದು ಊರಿಗೆಲ್ಲ ತಿಳಿಯಿತು. ಮಕ್ಕಳನ್ನು ಹಾಸ್ಟೆಲುಗಳಲ್ಲಿ ಬಿಟ್ಟ ತಂದೆ ತಾಯಿಗಳಿಗೆ ಹೆದರಿಕೆ ಬಾರದೆ ಇದ್ದೀತೆ?

ಆದರೂ ನಿಯಮ ತಪ್ಪಿದ ಕೇಸು ಬಿದ್ದುಹೋದಾಗ ‘ಕಾನೂನಿನ ಸಂದಿಯಲ್ಲಿ ನುಸುಳಿದ’ ಎನ್ನುವುದು ಅಷ್ಟು ಸರಿಯಲ್ಲ. ಬರೆಯಬೇಕಾದ್ದನ್ನು ಬರೆಯದೆ, ಕಳಿಸಬೇಕಾದ್ದನ್ನು ಕಳಿಸದೆ ಬಿಟ್ಟದ್ದು ಕಾನೂನಲ್ಲ. ನ್ಯಾಯಾಲಯಗಳೂ ಪ್ರತಿಯೊಂದು ತಪ್ಪಿಗೂ ಆಪಾದಿತನನ್ನು ಬಿಟ್ಟುಕಳಿಸುತ್ತಿಲ್ಲ. ದೂರು ಕೊಟ್ಟ ಅಧಿಕಾರಿಯೇ ತನಿಖೆಯನ್ನೂ ಮಾಡಿದರೆ ಮೊಕದ್ದಮೆ ಸತ್ತಂತೆಯೇ ಎಂದು 2018ರಲ್ಲಿ ಬಂದ ತೀರ್ಪನ್ನು 2020ರಲ್ಲಿ ಐವರ ಪೀಠ ಬದಲಿಸಿ, ಅದರಿಂದ ಪಕ್ಷಪಾತವಾಯಿತೇ ಎಂಬುದನ್ನು ಆಯಾ ಕೇಸಿನಲ್ಲಿ ನೋಡಬೇಕೆಂದಿತು. 52ಎ ಪ್ರಕರಣವನ್ನು ಪಾಲಿಸದಿದ್ದ ಮಾತ್ರಕ್ಕೆ ಉಳಿದ ಸಾಕ್ಷ್ಯ ಗಟ್ಟಿಯಾಗಿದ್ದರೂ ಖುಲಾಸೆ ಮಾಡಬೇಕಾಗಿಲ್ಲವೆಂದು 2025ರ ಜನವರಿಯಲ್ಲಿ ಹೇಳಿದೆ. ಒಂದು ಕಾಗದ ತಪ್ಪಿದರೆ ನ್ಯಾಯಾಲಯ ಇನ್ನೊಂದನ್ನು ಹುಡುಕುತ್ತದೆ; ಯಾವುದೂ ಸಿಗದಿದ್ದಾಗ ಪೋಲೀಸರ ಮಾತು ಮತ್ತು ಹುಡುಗನ ಮಾತು, ಇವೆರಡೇ ಉಳಿಯುತ್ತವೆ. ಹದಿನೆಂಟು ಗ್ರಾಮಿನ ಕೇಸಿನಲ್ಲಿ ಆ ಹುಡುಗ ಕಳೆದುಕೊಳ್ಳುವುದು ಒಂದು ವರ್ಷ ಮತ್ತು ಮುಂದಿನ ನೌಕರಿ. ಪೊಟ್ಟಣದ ಬದಲು ಮೂಟೆಯನ್ನು ಅವನ ಪಕ್ಕದಲ್ಲಿ ಇಟ್ಟುಬಿಟ್ಟರೆ ಹತ್ತು ವರ್ಷ.

2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆ ಒಂದು ಹೊಸ ಸಾಕ್ಷಿಯನ್ನು ತಂದಿದೆ. ಶೋಧನೆ ಮತ್ತು ವಶಪಡಿಸಿಕೊಳ್ಳುವ ಕಾರ್ಯವನ್ನು, ಪಟ್ಟಿ ಬರೆದು ರುಜು ಹಾಕಿಸುವುದನ್ನೂ ಸೇರಿಸಿ, ಮೊಬೈಲಿನಲ್ಲಾದರೂ ಚಿತ್ರ ಮತ್ತು ಧ್ವನಿಯೊಂದಿಗೆ ದಾಖಲಿಸಿ ತಡವಿಲ್ಲದೆ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. ನಿಷ್ಠೆಯಿಂದ ಕೆಲಸ ಮಾಡುವ ಸಬ್‌ಇನ್ಸ್‌ಪೆಕ್ಟರಿಗೆ ಇದಕ್ಕಿಂತ ಒಳ್ಳೆಯ ಮಿತ್ರನಿಲ್ಲ. ಆದರೆ ಕ್ಯಾಮರಾ ಶುರುವಾಗುವುದು ಎಲ್ಲಿಂದ ಎಂಬುದನ್ನು ಗಮನಿಸಬೇಕು. ಕೈ ಹಿಡಿದ ಮೇಲೆ ಶುರುವಾದ ಚಿತ್ರ, ಪೊಟ್ಟಣ ಯಾರ ಜೇಬಿನಿಂದ ಹೊರಟಿತೆಂಬುದನ್ನು ತೋರಿಸಲಾರದು.

ಪಂಚರ ವಿಷಯ ಉಳಿಯಿತು. ಬೆಟ್ಟಕ್ಕೆ ಬಂದ ಓದುಗರೊಬ್ಬರನ್ನೇ ಅಧಿಕಾರಿ ಕರೆದು, ‘ಸ್ವಾಮಿ, ಸ್ವಲ್ಪ ಸಾಕ್ಷಿಯಾಗಿ ನಿಲ್ಲಿ’ ಎನ್ನಬಹುದು. ಲಿಖಿತ ಆದೇಶ ಕೊಟ್ಟು ಕರೆದರೆ ಸಕಾರಣವಿಲ್ಲದೆ ನಿರಾಕರಿಸುವುದು ಅಪರಾಧ. ಆದರೂ ನಮ್ಮ ಜನ ಮೆಲ್ಲನೆ ಜಾರಿಕೊಳ್ಳುವುದೇ ಹೆಚ್ಚು. ಅದರ ಫಲವಾಗಿ ಠಾಣೆಯ ಸುತ್ತಮುತ್ತಲಿನ ಅದೇ ಇಬ್ಬರು ಹತ್ತಾರು ಕೇಸುಗಳಿಗೆ ಪಂಚರಾಗುತ್ತಾರೆ, ಮತ್ತು ಕಟಕಟೆಯಲ್ಲಿ ‘ನನಗೇನೂ ಗೊತ್ತಿಲ್ಲ, ರುಜು ಹಾಕು ಎಂದರು ಹಾಕಿದೆ’ ಎನ್ನುತ್ತಾರೆ. ಸ್ವತಂತ್ರ ಸಾಕ್ಷಿ ತಿರುಗಿಬಿದ್ದರೂ ಪೋಲೀಸರ ಸಾಕ್ಷ್ಯವೊಂದರ ಮೇಲೆಯೇ ಶಿಕ್ಷೆ ವಿಧಿಸಬಹುದೆಂಬುದು ನಿಜ. ಆದರೆ ಆ ಸಾಕ್ಷ್ಯ ಎಲ್ಲ ಕಡೆಯಿಂದಲೂ ದೋಷರಹಿತವಾಗಿರಬೇಕು. ನಿಂತವರು ತೂಕವನ್ನು ತಾವೇ ನೋಡಬೇಕು, ಮೊಹರು ಬಿದ್ದದ್ದನ್ನು ನೋಡಬೇಕು, ಮಹಜರನ್ನು ಓದಿಸಿ ಕೇಳಿಯೇ ರುಜು ಹಾಕಬೇಕು. ಒಂದೆರಡು ವರ್ಷದ ಮೇಲೆ ಸಮನ್ಸು ಬಂದಾಗ ಆ ಕಾಗದವನ್ನು ನೋಡಿ ನೆನಪು ಮಾಡಿಕೊಳ್ಳಲು ಕಾನೂನು ಅವಕಾಶ ಕೊಡುತ್ತದೆ. ಪಾಟೀಸವಾಲಿನಲ್ಲಿ ಹುಡುಗನ ಕಡೆಯ ವಕೀಲರು ಅವರನ್ನು ಮೊದಲು ಕೇಳುವ ಪ್ರಶ್ನೆ ಬಹುಶಃ ಇದೇ: ನೀವು ರುಜು ಹಾಕುವಾಗ ಆ ಹಾಳೆಯ ಮೇಲೆ ಏನಾದರೂ ಬರೆದಿತ್ತೋ, ಇಲ್ಲವೋ?